ಎಲ್ಲಿ ಕತ್ತರಿಸಬೇಕು ಎಂದು ತೋರಿಸುವ ಜೀನ್: ಎಸ್‌ಎಫ್3ಬಿ1

ಓದುಗರ ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಎರಡು ವರ್ಷದಿಂದ ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಮೂಳೆ ಮಜ್ಜೆಯ ಪರೀಕ್ಷೆ ಮಾಡಿ ಎಂಡಿಎಸ್ (ಮಜ್ಜೆ ಸರಿಯಾದ ರಕ್ತಕಣಗಳನ್ನು ತಯಾರಿಸಲಾರದ ಕಾಯಿಲೆ) ಎಂದರು. ವರದಿಯಲ್ಲಿ ‘ರಿಂಗ್ ಸಿಡೆರೋಬ್ಲಾಸ್ಟ್ ಇವೆ, ಎಸ್‌ಎಫ್3ಬಿ1 ಜೀನ್‌ನಲ್ಲಿ ಕೆ700ಇ ಬದಲಾವಣೆ, 38%’ ಎಂದಿದೆ. ಹುಡುಕಿದರೆ ಎಲ್ಲ ಕಡೆ ‘ಮೆಸೆಂಜರ್ ಆರ್‌ಎನ್‌ಎ ಸಂಸ್ಕರಣೆಯಲ್ಲಿ ಪಾಲುಗೊಳ್ಳುವ ಜೀನ್’ ಎಂದಷ್ಟೇ ಸಿಗುತ್ತದೆ. ಅದು ನಿಜವಾಗಿ ಏನು ಕೆಲಸ ಮಾಡುತ್ತದೆ? ಅಷ್ಟು ಮುಖ್ಯವಾದ ಜೀನ್ ಕೆಟ್ಟರೂ ಆ ಜೀವಕೋಶಗಳು ಬದುಕಿರುವುದು ಹೇಗೆ? ಇದು ನನಗೂ ನನ್ನ ಮಕ್ಕಳಿಗೂ ಬರುತ್ತದಾ? ಅಮ್ಮನಿಗೆ ಕಬ್ಬಿಣದ ಮಾತ್ರೆ ಕೊಡಬಹುದಾ?

ತಜ್ಞರ ಉತ್ತರ:

ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ ಯಾವುದು ಎಂದು ಊಹಿಸಬಲ್ಲೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ. ಈ ಬದಲಾವಣೆ ನಿಮ್ಮ ತಾಯಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರ ಮೂಳೆ ಮಜ್ಜೆಯಲ್ಲಿರುವ ಒಂದೇ ಒಂದು ರಕ್ತದ ಮೂಲಕೋಶದಲ್ಲಿ, ಹುಟ್ಟಿದ ಮೇಲೆ ಯಾವಾಗಲೋ ಆದದ್ದು. ಆ ಕೋಶದ ಸಂತತಿ ನಿಧಾನವಾಗಿ ಮಜ್ಜೆಯಲ್ಲಿ ಜಾಗ ಹಿಡಿದುಕೊಂಡಿತು, ಅಷ್ಟೇ. ಅಂಡಾಣುವಿನಲ್ಲಿ ಅದು ಇರಲಿಲ್ಲ. ಆದ್ದರಿಂದ ಅವರಿಂದ ನಿಮಗೆ ಬಂದಿಲ್ಲ, ನಿಮ್ಮಿಂದ ಮಕ್ಕಳಿಗೆ ಹೋಗುವ ಮಾತೂ ಇಲ್ಲ. ಈ ಒಂದು ಬದಲಾವಣೆಗಾಗಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸುವುದು ಬೇಡ.

ಕಬ್ಬಿಣದ ಮಾತ್ರೆಯನ್ನು ಮಾತ್ರ ಸ್ವಂತ ನಿರ್ಧಾರದಿಂದ ದಯವಿಟ್ಟು ಕೊಡಬೇಡಿ. ಯಾಕೆ ಎಂದು ಹೇಳಬೇಕಾದರೆ ಈ ಜೀನ್‌ನ ಕೆಲಸ ಮೊದಲು ಗೊತ್ತಾಗಬೇಕು. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000 ಇವೆ. ಡಿಎನ್‌ಎ ಕೋಶಕೇಂದ್ರ ಬಿಟ್ಟು ಆಚೆ ಹೋಗುವುದಿಲ್ಲ. ಪ್ರೋಟೀನ್ ತಯಾರಾಗುವುದು ಹೊರಗೆ. ಅದಕ್ಕೆ ಜೀನ್‌ನ ಒಂದು ನಕಲು ಬೇಕು. ಆ ನಕಲೇ ಮೆಸೆಂಜರ್ ಆರ್‌ಎನ್‌ಎ. ಆದರೆ ಮೊದಲು ಬರುವ ನಕಲು ಹಸಿ ನಕಲು, ಹಾಗೇ ಬಳಸಲು ಬರುವುದಿಲ್ಲ. ಅದರ ತಲೆಗೆ ಒಂದು ಟೋಪಿ ಹಾಕಬೇಕು, ಕೊನೆಗೆ ‘ಎ’ ಅಕ್ಷರಗಳ (ಆರ್‌ಎನ್‌ಎಯ ಬಿಡಿಭಾಗಗಳನ್ನು ಎ, ಯು, ಜಿ, ಸಿ ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ) ಉದ್ದ ಬಾಲ ಕಟ್ಟಬೇಕು. ನಡುವೆ ಬೇಡದ ಭಾಗಗಳನ್ನು ಕತ್ತರಿಸಿ ತೆಗೆದು ಬೇಕಾದ ಭಾಗಗಳನ್ನು ಜೋಡಿಸಬೇಕು. ಈ ಕತ್ತರಿಸಿ ಜೋಡಿಸುವ ಕೆಲಸವೇ ಸ್ಪ್ಲೈಸಿಂಗ್. ಬೇಡದ ಭಾಗ ಇಂಟ್ರಾನ್, ಉಳಿಯುವ ಭಾಗ ಎಕ್ಸಾನ್.

ಬೇಡದ ಭಾಗ ಎಂದರೆ ಅಲ್ಲೊಂದು ಇಲ್ಲೊಂದು ಚೂರು ಎಂದುಕೊಳ್ಳಬೇಡಿ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನ್ ಸುಮಾರು 22 ಲಕ್ಷ ಅಕ್ಷರಗಳಷ್ಟು ಉದ್ದ. ಅದನ್ನು ಒಂದು ಸಲ ನಕಲು ಮಾಡಲು ಜೀವಕೋಶಕ್ಕೆ ಸುಮಾರು 16 ಗಂಟೆ ಬೇಕು. ಕತ್ತರಿಸಿ ಮುಗಿದ ಮೇಲೆ ಉಳಿಯುವುದು ಸುಮಾರು 14,000 ಅಕ್ಷರ. ನೂರರಲ್ಲಿ ಒಂದು ಪಾಲೂ ಇಲ್ಲ! 79 ಎಕ್ಸಾನ್‌ಗಳನ್ನು ಒಂದೊಂದಾಗಿ ಹುಡುಕಿ, ಒಂದು ಅಕ್ಷರವೂ ಆಚೀಚೆ ಆಗದಂತೆ ಪೋಣಿಸಬೇಕು. ಜೀನ್‌ಗಳು ಹೀಗೆ ತುಂಡುತುಂಡಾಗಿವೆ ಎಂಬುದು ಗೊತ್ತಾದದ್ದೇ 1977ರಲ್ಲಿ, ಒಂದು ಅಡಿನೋವೈರಸ್ ಮೇಲೆ ಕೆಲಸ ಮಾಡುವಾಗ. ಅದಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರ ನೊಬೆಲ್ ಸಿಕ್ಕಿತು.

ಒಂದು ಅಕ್ಷರ ಆಚೀಚೆ ಆದರೆ ಏನಾಗುತ್ತದೆ? ಜೀವಕೋಶ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಪ್ರತಿ ಮೂರಕ್ಷರಕ್ಕೆ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್‌ನ ಒಂದು ಇಟ್ಟಿಗೆ. ‘ಮಗಳು ಮನೆಗೆ ಬರುವ ಸಮಯ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಪ್ರತಿ ಪದಕ್ಕೂ ಮೂರಕ್ಷರ. ಮೊದಲ ಪದ ಆದ ಮೇಲೆ ಒಂದು ‘ಕ’ ಉಳಿದುಬಿಟ್ಟಿತು ಎನ್ನಿ. ಈಗ ಮೂರು ಮೂರಾಗಿ ಓದಿದರೆ ‘ಮಗಳು ಕಮನೆ ಗೆಬರು ವಸಮ ಯ’ ಆಗುತ್ತದೆ. ಸೇರಿದ್ದು ಒಂದೇ ಅಕ್ಷರ. ಆದರೆ ಅಲ್ಲಿಂದ ಮುಂದೆ ಇಡೀ ಸಾಲಿಗೆ ಅರ್ಥ ಇಲ್ಲ. ಸ್ಪ್ಲೈಸಿಂಗ್‌ನಲ್ಲಿ ಜಾಗ ತಪ್ಪುವುದು ಎಂದರೆ ಇದೇ.

ಜೋಡಿಸುವ ಯಂತ್ರಕ್ಕೆ ಸ್ಪ್ಲೈಸಿಯೋಸೋಮ್ ಎಂದು ಹೆಸರು. ಯು1, ಯು2, ಯು4, ಯು5, ಯು6 ಎಂಬ ಐದು ಸಣ್ಣ ಆರ್‌ಎನ್‌ಎಗಳು, ಅವುಗಳ ಸುತ್ತ ನೂರಕ್ಕೂ ಜಾಸ್ತಿ ಪ್ರೋಟೀನ್‌ಗಳು. ಅದು ಮೊದಲೇ ಕಟ್ಟಿಟ್ಟ ಯಂತ್ರವೂ ಅಲ್ಲ. ಪ್ರತಿ ಇಂಟ್ರಾನ್ ಮೇಲೂ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತದೆ. ನಿಮ್ಮ ತಾಯಿಯ ವರದಿಯಲ್ಲಿರುವ ಎಸ್‌ಎಫ್3ಬಿ1 ಈ ಯಂತ್ರದ ಯು2 ಭಾಗದಲ್ಲಿದೆ. ಅಲ್ಲಿ ಏಳು ಪ್ರೋಟೀನ್‌ಗಳ ಒಂದು ಗುಂಪಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಇದು, 1,304 ಅಮೈನೋ ಆಮ್ಲಗಳ ಪ್ರೋಟೀನ್. ಜೀನ್ ಇರುವುದು 2ನೇ ಕ್ರೋಮೋಸೋಮ್‌ನ ಉದ್ದ ತೋಳಿನಲ್ಲಿ.

ಈಗ ಅದರ ಮುಖ್ಯ ಕೆಲಸಕ್ಕೆ ಬರೋಣ. ಪ್ರತಿ ಇಂಟ್ರಾನ್‌ಗೂ ಒಂದು ಆರಂಭ, ಒಂದು ಕೊನೆ ಇದೆ. ಬಹುತೇಕ ಎಲ್ಲ ಇಂಟ್ರಾನ್‌ಗಳೂ ‘ಜಿಯು’ ಎಂದು ಶುರುವಾಗಿ ‘ಎಜಿ’ ಎಂದು ಮುಗಿಯುತ್ತವೆ. ಆದರೆ ಸಾವಿರಾರು ಅಕ್ಷರಗಳ ನಡುವೆ ‘ಎಜಿ’ ಎಷ್ಟು ಸಲ ಬರುವುದಿಲ್ಲ, ಹೇಳಿ! ನಿಜವಾದ ಕೊನೆ ಯಾವುದು? ಅದನ್ನು ಪತ್ತೆ ಮಾಡಲು ಇನ್ನೊಂದು ಗುರುತು ಇದೆ. ಇಂಟ್ರಾನ್ ಮುಗಿಯುವ ಜಾಗಕ್ಕಿಂತ ಸಾಮಾನ್ಯವಾಗಿ 18ರಿಂದ 40 ಅಕ್ಷರ ಹಿಂದೆ ಒಂದು ವಿಶೇಷವಾದ ‘ಎ’ ಇರುತ್ತದೆ. ಅದೇ ಕವಲುಬಿಂದು. ಯು2 ಅಲ್ಲಿಗೆ ಬಂದು ಅಕ್ಕಪಕ್ಕದ ಅಕ್ಷರಗಳಿಗೆ ಜೋಡಿಯಾಗಿ ಅಂಟಿಕೊಳ್ಳುತ್ತದೆ. ಆ ಒಂದು ‘ಎ’ ಮಾತ್ರ ಜೋಡಿ ಸಿಗದೆ ಹೊರಗೆ ಉಬ್ಬಿ ನಿಲ್ಲುತ್ತದೆ.

ಎಸ್‌ಎಫ್3ಬಿ1 ಹಿಡಿಯುವುದು ಆ ಉಬ್ಬಿದ ‘ಎ’ಯನ್ನೇ. ಈ ಪ್ರೋಟೀನ್‌ನ ಹೆಚ್ಚಿನ ಭಾಗ ಒಂದೇ ಬಗೆಯ 20 ಮಡಿಕೆಗಳು ಸಾಲಾಗಿ ಸುತ್ತಿಕೊಂಡ ಸುರುಳಿ. ಅದು ಮೊದಲು ಬಾಯಿ ತೆರೆದ ಇಕ್ಕಳದ ಹಾಗೆ ಇರುತ್ತದೆ. ಸರಿಯಾದ ಕವಲುಬಿಂದು ಸಿಕ್ಕಿತು ಎಂದರೆ ಮುಚ್ಚಿಕೊಳ್ಳುತ್ತದೆ. ಪಕ್ಕದ ಪಿಎಚ್‌ಎಫ್5ಎ ಎಂಬ ಸಣ್ಣ ಪ್ರೋಟೀನ್ ಜೊತೆ ಸೇರಿ ಒಂದು ಜೇಬು ಮಾಡಿ, ‘ಎ’ಯನ್ನು ಅದರೊಳಗೆ ಭದ್ರವಾಗಿ ಇಟ್ಟುಕೊಳ್ಳುತ್ತದೆ. ‘ಎ’ ಸಮಯಕ್ಕೆ ಮೊದಲೇ ಪ್ರತಿಕ್ರಿಯೆಗೆ ಇಳಿಯದಂತೆ ಕಾಯುವುದೂ ಇದರ ಪಾಲಿನ ಕೆಲಸವೇ. ಉಳಿದ ಭಾಗಗಳೆಲ್ಲ ಬಂದು ಸೇರಿದ ಮೇಲೆ ಈ ಇಡೀ ಗುಂಪು ಅಲ್ಲಿಂದ ಸರಿಯುತ್ತದೆ. ಆಗ ಆ ‘ಎ’ ಇಂಟ್ರಾನ್‌ನ ಆರಂಭವನ್ನು ಕತ್ತರಿಸಿ ತನಗೇ ಕಟ್ಟಿಕೊಳ್ಳುತ್ತದೆ. ಇಂಟ್ರಾನ್ ಒಂದು ಕುಣಿಕೆಯಂತೆ ಆಗುತ್ತದೆ. ಮುಂದಿನ ಹೆಜ್ಜೆಯಲ್ಲಿ ಕೊನೆಯ ‘ಎಜಿ’ ಕಡಿದು ಎರಡು ಎಕ್ಸಾನ್‌ಗಳು ಸೇರುತ್ತವೆ, ಕುಣಿಕೆ ಕಳಚಿ ಬೀಳುತ್ತದೆ.

ಅಂದರೆ ಎಸ್‌ಎಫ್3ಬಿ1 ತಾನೇ ಕತ್ತರಿಯಲ್ಲ. ಬಟ್ಟೆಯ ಮೇಲೆ ಗುರುತು ಹಾಕುವ ಕೈ ಅದು. ಎಲ್ಲಿ ಗುರುತು ಬಿತ್ತೋ ಕತ್ತರಿ ಅದನ್ನೇ ನಂಬುತ್ತದೆ. ಇಡೀ ವಿಷಯದಲ್ಲಿ ನೀವು ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು. ನಿಮ್ಮ ತಾಯಿಯ ಕಾಯಿಲೆಯ ಎಲ್ಲ ಎಳೆಗಳೂ ಇಲ್ಲಿಂದಲೇ ಹೊರಡುತ್ತವೆ.

ಈ ಕೆಲಸ ಎಷ್ಟು ಹಳೆಯದು ಎಂದರೆ, ಹುದುಗಿಗೆ ಬಳಸುವ ಯೀಸ್ಟ್‌ನಲ್ಲೂ ಇದೇ ಪ್ರೋಟೀನ್‌ನ ಬಂಧು ಇದೆ. ಮನುಷ್ಯನಲ್ಲಿ ಇಂಟ್ರಾನ್‌ಗಳು ಎರಡು ಲಕ್ಷದ ಆಸುಪಾಸು ಇವೆ. ಅವುಗಳಲ್ಲಿ ಕೆಲವು ನೂರು ಇಂಟ್ರಾನ್‌ಗಳಿಗೆ ಮಾತ್ರ ಯು12 ಎಂಬ ಬೇರೆ ಯಂತ್ರ ಇದೆ. ಅಲ್ಲೂ ಇದೇ ಎಸ್‌ಎಫ್3ಬಿ1 ಬೇಕು. ಇನ್ನೂ ಒಂದು ಸಂಗತಿ ನನಗೆ ಯಾವಾಗಲೂ ಬೆರಗು ಹುಟ್ಟಿಸುತ್ತದೆ. ಎಸ್‌ಎಫ್3ಬಿ1 ಜೀನ್‌ನಲ್ಲೂ ಇಂಟ್ರಾನ್‌ಗಳಿವೆ. ತನ್ನ ಸಂದೇಶ ಸರಿಯಾಗಬೇಕಾದರೂ ತಾನೇ ಅಲ್ಲಿ ಹೋಗಿ ಕೂರಬೇಕು!

ಹೀಗಿರುವಾಗ ನಿಮ್ಮ ಎರಡನೆಯ ಪ್ರಶ್ನೆ ತುಂಬಾ ಸರಿಯಾದದ್ದು. ಇಲಿಗಳಲ್ಲಿ ಈ ಜೀನ್‌ನ ಎರಡೂ ಪ್ರತಿ ತೆಗೆದುಹಾಕಿದರೆ ಭ್ರೂಣ ಕೆಲವೇ ಕೋಶಗಳಿರುವ ಹಂತದಲ್ಲಿ ಸಾಯುತ್ತದೆ. ಹಾಗಾದರೆ ನಿಮ್ಮ ತಾಯಿಯ ಮಜ್ಜೆಯ ಕೋಶಗಳು ಬದುಕಿರುವುದು ಹೇಗೆ? ಎರಡು ಕಾರಣ. ಪ್ರತಿ ಕೋಶದಲ್ಲೂ ಈ ಜೀನ್‌ನ ಎರಡು ಪ್ರತಿ ಇರುತ್ತವೆ. ಬದಲಾದದ್ದು ಒಂದು ಮಾತ್ರ, ಇನ್ನೊಂದು ಸರಿಯಾಗಿದೆ. ಎರಡನೆಯದು ಇನ್ನೂ ಮುಖ್ಯ. ಬದಲಾದ ಪ್ರತಿ ಸತ್ತುಹೋಗಿಲ್ಲ. ಅದು ಕೆಲಸ ಮಾಡುತ್ತದೆ, ಬಹುಪಾಲು ಇಂಟ್ರಾನ್‌ಗಳಲ್ಲಿ ಸರಿಯಾಗಿಯೇ ಮಾಡುತ್ತದೆ. ಕೆಲವು ಕಡೆ ಮಾತ್ರ ಗುರುತು ತಪ್ಪು ಜಾಗದಲ್ಲಿ ಹಾಕುತ್ತದೆ.

ಕೆ700ಇ ಎಂದರೆ 700ನೇ ಜಾಗದಲ್ಲಿ ಲೈಸಿನ್ ಬದಲು ಗ್ಲುಟಾಮಿಕ್ ಆಮ್ಲ ಬಂದಿದೆ ಎಂದು. ಡಿಎನ್‌ಎಯಲ್ಲಿ ಆದದ್ದು ಒಂದು ‘ಎ’ ಹೋಗಿ ‘ಜಿ’ ಬಂದದ್ದು ಮಾತ್ರ. ಆದರೆ ಲೈಸಿನ್‌ಗೆ ಧನ ವಿದ್ಯುದಂಶ, ಗ್ಲುಟಾಮಿಕ್ ಆಮ್ಲಕ್ಕೆ ಋಣ. ಇಕ್ಕಳದ ಒಂದು ಕಡೆ ಆಕರ್ಷಣೆ ಇದ್ದಲ್ಲಿ ವಿಕರ್ಷಣೆ ಬಂದಂತೆ. ಇದರಿಂದ ಎಸ್‌ಯುಜಿಪಿ1 ಎಂಬ ಜೊತೆಗಾರ ಪ್ರೋಟೀನ್ ಇದರ ಜೊತೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ ಎಂದು 2019ರಲ್ಲಿ ಗೊತ್ತಾಯಿತು. ಆ ಜೊತೆಗಾರ ಇಲ್ಲದಿದ್ದಾಗ ಯಂತ್ರ ಕೆಲವು ಇಂಟ್ರಾನ್‌ಗಳಲ್ಲಿ ಹಿಂದಿನ ಬೇರೊಂದು ‘ಎ’ಯನ್ನು ಕವಲುಬಿಂದು ಎಂದು ಹಿಡಿಯುತ್ತದೆ. ಆಗ ಕಡಿತವೂ ನಿಜವಾದ ‘ಎಜಿ’ಗಿಂತ ಸುಮಾರು 10ರಿಂದ 30 ಅಕ್ಷರ ಹಿಂದಿನ ಇನ್ನೊಂದು ‘ಎಜಿ’ಯಲ್ಲಿ ಬೀಳುತ್ತದೆ. ಇಂಟ್ರಾನ್‌ನ ಬಾಲದ ಒಂದು ಚೂರು ಸಂದೇಶದಲ್ಲೇ ಉಳಿದುಬಿಡುತ್ತದೆ. ನಮ್ಮ ಸಾಲಿನ ‘ಕ’ ನೆನಪಿದೆ ಅಲ್ವಾ?

ಹೀಗೆ ಕೆಟ್ಟ ಸಂದೇಶಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ನಡುವೆಯೇ ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಕೇತ ಬಂದುಬಿಡುತ್ತದೆ. ಅಂಥ ಸಂದೇಶವನ್ನು ಜೀವಕೋಶವೇ ಗುರುತಿಸಿ ನಾಶ ಮಾಡುತ್ತದೆ. ಅದರಿಂದ ಬರಬೇಕಿದ್ದ ಪ್ರೋಟೀನ್ ಕಡಿಮೆಯಾಗುತ್ತದೆ. ಕೆಟ್ಟದ್ದು ಎಸ್‌ಎಫ್3ಬಿ1, ನಷ್ಟ ಆದದ್ದು ಬೇರೆ ಯಾವುದೋ ಜೀನ್‌ಗೆ.

ಹಾಗೆ ನಷ್ಟ ಅನುಭವಿಸುವ ಜೀನ್‌ಗಳಲ್ಲಿ ಒಂದು ಎಬಿಸಿಬಿ7. ಅದರ ಪ್ರೋಟೀನ್ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಘಟಕವಾದ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಕೂತು, ಕಬ್ಬಿಣ ಮತ್ತು ಗಂಧಕದಿಂದ ಅಲ್ಲಿ ತಯಾರಾದ ಸಾಮಗ್ರಿ ಹೊರಗೆ ಬರಲು ನೆರವಾಗುತ್ತದೆ. ಅದು ಕಡಿಮೆಯಾದರೆ ಮೈಟೋಕಾಂಡ್ರಿಯಾದ ಒಳಗೆ ಕಬ್ಬಿಣ ಸಿಕ್ಕಿಹಾಕಿಕೊಳ್ಳುತ್ತದೆ. ಕೆಂಪು ರಕ್ತಕಣ ಆಗಬೇಕಾದ ಎಳೆಯ ಕೋಶದಲ್ಲಿ ಈ ಮೈಟೋಕಾಂಡ್ರಿಯಾಗಳು ಕೋಶಕೇಂದ್ರದ ಸುತ್ತ ಇರುತ್ತವೆ. ಕಬ್ಬಿಣಕ್ಕೆ ನೀಲಿ ಬಣ್ಣ ಹಿಡಿಸುವ ಪರೀಕ್ಷೆ ಮಾಡಿದರೆ ಸೂಕ್ಷ್ಮದರ್ಶಕದ ಕೆಳಗೆ ಒಂದು ಉಂಗುರ ಕಾಣುತ್ತದೆ. ವರದಿಯಲ್ಲಿರುವ ‘ರಿಂಗ್ ಸಿಡೆರೋಬ್ಲಾಸ್ಟ್’ ಅದೇ. ಕೇಂದ್ರದ ಸುತ್ತಳತೆಯ ಮೂರನೇ ಒಂದು ಭಾಗವಾದರೂ ಆವರಿಸುವಂತೆ ಕನಿಷ್ಠ 5 ನೀಲಿ ಚುಕ್ಕೆ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಮೊದಲ ಸಲ ಆ ನೀಲಿ ಉಂಗುರಗಳನ್ನು ನೋಡಿದ್ದು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ನೋಡಲು ಎಷ್ಟು ಚೆಂದ! ಆ ಚೆಂದದ ಹಿಂದೆ ಒಬ್ಬರ ಸುಸ್ತು, ಏದುಸಿರು ಇದೆ ಎಂದು ಅರಿವಾದಾಗ ಮನಸ್ಸು ಭಾರವಾಯಿತು. ಎಬಿಸಿಬಿ7ನಲ್ಲೇ ಹುಟ್ಟಿನಿಂದ ದೋಷ ಇರುವ ಮಕ್ಕಳಿದ್ದಾರೆ. ಅವರಿಗೂ ಇದೇ ಉಂಗುರಗಳು, ಇದೇ ಬಗೆಯ ರಕ್ತಹೀನತೆ, ಜೊತೆಗೆ ನಡಿಗೆಯ ಹತೋಟಿ ತಪ್ಪುವ ತೊಂದರೆ. ಅದು ಅಪರೂಪದ ಬೇರೆ ಕಾಯಿಲೆ, ನಿಮ್ಮ ತಾಯಿಗೆ ಸಂಬಂಧ ಇಲ್ಲ. ಆದರೆ ಎರಡು ದಾರಿಯಲ್ಲಿ ಬಂದರೂ ಒಂದೇ ಉಂಗುರ ಕಾಣುವುದು ಈ ವಿವರಣೆಗೆ ಗಟ್ಟಿ ಸಾಕ್ಷಿ.

ಈಗ ಕಬ್ಬಿಣದ ಮಾತ್ರೆಯ ವಿಷಯ. ರಕ್ತ ಕಡಿಮೆ ಎಂದ ಕೂಡಲೇ ಕಬ್ಬಿಣ ಕೊಡಬೇಕು ಎಂದು ಎಲ್ಲರಿಗೂ ಅನಿಸುತ್ತದೆ, ಅದು ಸಹಜ. ನಿಮ್ಮ ತಾಯಿಯ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಬ್ಬಿಣಕ್ಕೆ ಕೊರತೆ ಇರುವುದಿಲ್ಲ, ಅದು ಬಳಕೆಯಾಗುವುದಿಲ್ಲ. ಇನ್ನೂ ಒಂದು ತೊಡಕಿದೆ. ಎಳೆಯ ಕೆಂಪುಕಣಗಳು ಎರಿತ್ರೋಫೆರೋನ್ ಎಂಬ ಹಾರ್ಮೋನ್ ಬಿಡುತ್ತವೆ. ‘ನಮಗೆ ಕಬ್ಬಿಣ ಸಾಲದು’ ಎಂದು ಯಕೃತ್ತಿಗೆ ಕಳಿಸುವ ಸುದ್ದಿ ಅದು. ಅದನ್ನು ಕೇಳಿ ಯಕೃತ್ತು ಹೆಪ್ಸಿಡಿನ್ ಎಂಬ ತಡೆಯನ್ನು ಇಳಿಸುತ್ತದೆ, ಕರುಳು ಜಾಸ್ತಿ ಕಬ್ಬಿಣ ಹೀರುತ್ತದೆ. ಬದಲಾದ ಎಸ್‌ಎಫ್3ಬಿ1 ಇರುವ ಕೋಶಗಳಲ್ಲಿ ಈ ಹಾರ್ಮೋನ್‌ನ ಸಂದೇಶವೂ ತಪ್ಪಾಗಿ ಕತ್ತರಿಸಿಕೊಳ್ಳುತ್ತದೆ. ಆದರೆ ಇಲ್ಲಿ ಉಳಿಯುವುದು ಬರೀ 12 ಅಕ್ಷರ, ಅಂದರೆ 4 ಅಮೈನೋ ಆಮ್ಲ. ಓದುವ ಲೆಕ್ಕ ತಪ್ಪುವುದಿಲ್ಲ, ಹಾರ್ಮೋನ್ ಕೆಲಸ ಮಾಡುತ್ತಲೇ ಇರುತ್ತದೆ. ಪರಿಣಾಮ, ಬೇಡದಿದ್ದರೂ ಕಬ್ಬಿಣ ಒಳಗೆ ಬರುತ್ತಲೇ ಇರುತ್ತದೆ. ಮುಂದೆ ರಕ್ತ ಕೊಡಬೇಕಾಗಿ ಬಂದರೆ ಒಂದೊಂದು ಯೂನಿಟ್‌ನಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಸೇರುತ್ತದೆ. ದೇಹದಿಂದ ದಿನಕ್ಕೆ ಹೊರಹೋಗುವುದು 1 ಅಥವಾ 2 ಮಿಲಿಗ್ರಾಂ ಮಾತ್ರ. ಉಳಿದದ್ದು ಯಕೃತ್ತು, ಹೃದಯದಲ್ಲಿ ಕೂರುತ್ತದೆ. ಹಾಗಾಗಿ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡಿ ವೈದ್ಯರು ಹೇಳಿದರೆ ಮಾತ್ರ ಮಾತ್ರೆ, ಇಲ್ಲದಿದ್ದರೆ ಬೇಡ.

ಇದೇ ಜೀನ್ ಬೇರೆ ಕಾಯಿಲೆಗಳಲ್ಲೂ ಕಾಣುತ್ತದೆ. ಹುಡುಕಿದಾಗ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ, ಹೆದರಬೇಡಿ. ದೀರ್ಘಕಾಲದ ಲಿಂಫೋಸೈಟ್ ಲ್ಯುಕೇಮಿಯಾದಲ್ಲಿ ಈ ಬದಲಾವಣೆ ಇದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಕಣ್ಣಿನ ಮೆಲನೋಮ ಎಂಬ ಕ್ಯಾನ್ಸರ್‌ನ ಒಂದು ಬಗೆಯಲ್ಲಿ ಬದಲಾಗುವುದು ಹೆಚ್ಚಾಗಿ 625ನೇ ಜಾಗ. ಆದರೆ ಎಂಡಿಎಸ್‌ನಲ್ಲಿ ಕತೆ ಬೇರೆ. 2011ರಲ್ಲಿ ಈ ನಂಟು ಮೊದಲು ಗೊತ್ತಾದಾಗಲೇ ಇದು ಇರುವವರ ಕಾಯಿಲೆ ನಿಧಾನವಾಗಿ ಸಾಗುತ್ತದೆ ಎಂದು ಕಂಡುಬಂತು. ಉಂಗುರ ಇರುವ ಎಂಡಿಎಸ್‌ನವರಲ್ಲಿ ಸುಮಾರು 80%ರಷ್ಟು ಜನರಲ್ಲಿ ಈ ಬದಲಾವಣೆ ಇದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನೇ ಎಂಡಿಎಸ್‌ನ ಒಂದು ಪ್ರತ್ಯೇಕ ಬಗೆ ಎಂದು ಗುರುತಿಸಿತು. ಒಂದು ಜೀನ್‌ನ ಹೆಸರಿಗೆ ಅಷ್ಟು ತೂಕ ಬಂದಿದೆ. ಒಂದೇ ಜೀನ್ ಒಂದು ಕಾಯಿಲೆಯಲ್ಲಿ ಕೆಟ್ಟ ಸೂಚನೆ, ಇನ್ನೊಂದರಲ್ಲಿ ಸಮಾಧಾನದ ಸೂಚನೆ. ಆದ್ದರಿಂದ ಜೀನ್ ಹೆಸರು ಮಾತ್ರ ಹಾಕಿ ಹುಡುಕಿದರೆ ಸುಮ್ನೆ ಗಾಬರಿಯಾಗುತ್ತದೆ.

ಚಿಕಿತ್ಸೆ ಬಗ್ಗೆ ನೀವು ಕೇಳಿಲ್ಲ, ಆದರೂ ಜೀನ್‌ನ ಕೆಲಸಕ್ಕೆ ಸಂಬಂಧ ಇರುವುದರಿಂದ ಹೇಳುತ್ತೇನೆ. ಲಸ್‌ಪಾಟರ್‌ಸೆಪ್ಟ್ ಎಂಬ ಔಷಧಿಗೆ ಉಂಗುರ ಇರುವ ಎಂಡಿಎಸ್‌ಗಾಗಿ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ವಾರಕ್ಕೊಮ್ಮೆ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಅದು. ಅದು ಸ್ಪ್ಲೈಸಿಂಗ್ ಸರಿಮಾಡುವುದಿಲ್ಲ. ಕೆಂಪುಕಣಗಳ ಬೆಳವಣಿಗೆಯ ಕೊನೆಯ ಹಂತಕ್ಕೆ ಅಡ್ಡಿಯಾಗುವ ಸಂಕೇತಗಳನ್ನು ಹಿಡಿದುಕೊಳ್ಳುತ್ತದೆ, ಅದರಿಂದ ಜಾಸ್ತಿ ಕಣಗಳು ಬಲಿತು ಹೊರಬರುತ್ತವೆ. ಹಲವರಿಗೆ ರಕ್ತ ಹಾಕಿಸಿಕೊಳ್ಳುವ ಅಗತ್ಯ ಕಡಿಮೆಯಾಗಿದೆ.

ನೇರವಾಗಿ ಎಸ್‌ಎಫ್3ಬಿ1 ಮೇಲೇ ಕೈ ಹಾಕುವ ಪ್ರಯತ್ನವೂ ನಡೆದಿದೆ. ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾದಿಂದ ಸಿಕ್ಕ ಪ್ಲಾಡಿಯೆನೊಲೈಡ್ ಎಂಬ ವಸ್ತು, ‘ಎ’ ಕೂರಬೇಕಾದ ಅದೇ ಜೇಬಿಗೆ ಹೋಗಿ ಸೇರಿಕೊಳ್ಳುತ್ತದೆ. ಇಕ್ಕಳ ಮುಚ್ಚುವುದೇ ಇಲ್ಲ. ಬದಲಾದ ಕೋಶ ಉಳಿದಿರುವ ಒಂದು ಸರಿಯಾದ ಪ್ರತಿಯ ಮೇಲೆ ನಿಂತಿದೆ. ಅದನ್ನೂ ಸ್ವಲ್ಪ ಅದುಮಿದರೆ ಆ ಕೋಶ ಮಾತ್ರ ಸಾಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ಸರಿಯಾದ ಕೋಶಗಳಿಗೂ ಈ ಜೀನ್ ಬೇಕಲ್ಲ! ಆ ವಸ್ತುವಿನಿಂದ ಮಾಡಿದ ಇ7107 ಎಂಬ ಔಷಧಿಯ ಮೊದಲ ಹಂತದ ಪ್ರಯೋಗದಲ್ಲಿ ಕೆಲವರ ದೃಷ್ಟಿಗೆ ತೊಂದರೆಯಾಗಿ ಅದನ್ನು ನಿಲ್ಲಿಸಬೇಕಾಯಿತು. ಎಲ್ಲ ಕೋಶಕ್ಕೂ ಬೇಕಾದ ಯಂತ್ರವನ್ನು ಮುಟ್ಟುವುದು ಎಷ್ಟು ಕಷ್ಟ ಎಂದು ಅದರಿಂದ ತಿಳಿಯುತ್ತದೆ.

ಕೊನೆಯದಾಗಿ ಆ 38%. ಅದು ಕಾಯಿಲೆಯ ತೀವ್ರತೆಯ ಅಂಕವಲ್ಲ. ಮಾದರಿಯಲ್ಲಿ ಈ ಜೀನ್‌ನ ಪ್ರತಿಗಳನ್ನೆಲ್ಲ ಓದಿದಾಗ ನೂರರಲ್ಲಿ 38 ಬದಲಾಗಿದ್ದವು ಎಂದು ಅರ್ಥ. ಒಂದು ಕೋಶದಲ್ಲಿ ಎರಡು ಪ್ರತಿ, ಅದರಲ್ಲಿ ಬದಲಾದದ್ದು ಒಂದು. ಹಾಗಾಗಿ ಮಾದರಿಯ ಸುಮಾರು 76% ಕೋಶಗಳು ಆ ಒಂದು ಮೂಲಕೋಶದ ಸಂತತಿ. ಇದಕ್ಕಿಂತ ಜಾಸ್ತಿ ಮುಖ್ಯವಾದದ್ದು ವರದಿಯಲ್ಲಿ ಬೇರೆ ಯಾವ ಜೀನ್‌ಗಳ ಹೆಸರಿದೆ ಎಂಬುದು. ರನ್‌ಎಕ್ಸ್1, ಬಿಸಿಒಆರ್, ಎನ್‌ಆರ್‌ಎಎಸ್, ಸ್ಟ್ಯಾಗ್2, ಎಸ್‌ಆರ್‌ಎಸ್‌ಎಫ್2 ಇಂಥವು ಜೊತೆಗೆ ಬದಲಾಗಿದ್ದರೆ ಎಸ್‌ಎಫ್3ಬಿ1 ಕೊಡುವ ಸಮಾಧಾನ ಕಡಿಮೆಯಾಗುತ್ತದೆ. 5ನೇ ಕ್ರೋಮೋಸೋಮ್‌ನ ಉದ್ದ ತೋಳಿನ ಭಾಗ ಕಾಣೆಯಾಗಿದ್ದರೂ ಲೆಕ್ಕ ಬೇರೆ. ನೀವು ಬರೆದದ್ದರಲ್ಲಿ ಎಸ್‌ಎಫ್3ಬಿ1 ಒಂದೇ ಇದೆ. ವರದಿಯ ಎಲ್ಲ ಪುಟಗಳನ್ನೂ, ಕ್ರೋಮೋಸೋಮ್ ಪರೀಕ್ಷೆಯ ಫಲಿತಾಂಶವನ್ನೂ ಮುಂದಿನ ಸಲ ವೈದ್ಯರ ಮುಂದಿಟ್ಟು, ಇದು ಒಂದೇನಾ, ಜೊತೆಗೆ ಬೇರೆ ಏನಾದರೂ ಇದೆಯಾ ಎಂದು ಕೇಳಿ. ಅದೇ ದಿನ ಫೆರಿಟಿನ್ ಎಷ್ಟಿದೆ ಎಂದೂ ಕೇಳಿ ಬರೆದಿಟ್ಟುಕೊಳ್ಳಿ.